ಸರ್ವರ್‌ನ ಪ್ರೊಸೆಸರ್ ನೂರಕ್ಕೆ ಏರಿದಾಗ: ರೀಸ್ಟಾರ್ಟ್ ಮಾಡುವ ಮೊದಲು ನೋಡಬೇಕಾದವು

ಶಿರಸಿ, ಕುಮಟಾ, ಕಾರವಾರದ ಕಡೆಯ ಓದುಗರಿಂದ ಒಂದೇ ಪ್ರಶ್ನೆ ಬೇರೆ ಬೇರೆ ಮಾತುಗಳಲ್ಲಿ ಬರುತ್ತಲೇ ಇದೆ. ಅಡಿಕೆ ಧಾರಣೆ ತೋರಿಸುವ ಪುಟ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ತೆರೆಯುವುದೇ ಇಲ್ಲ ಎನ್ನುವವರು ಒಬ್ಬರು. ಗೋಕರ್ಣದ ಹೋಂಸ್ಟೇಯ ಬುಕಿಂಗ್ ತಾಣ ಶನಿವಾರ ಬಂತೆಂದರೆ ಒದ್ದಾಡುತ್ತದೆ ಎನ್ನುವವರು ಇನ್ನೊಬ್ಬರು. ಸಿಪಿಯು (ಪ್ರೊಸೆಸರ್) ಜಾಸ್ತಿ ಬಳಸುತ್ತಿದ್ದೀರಿ, ದೊಡ್ಡ ಪ್ಲಾನ್ ತೆಗೆದುಕೊಳ್ಳಿ ಎಂದು ಹೋಸ್ಟಿಂಗ್‌ನವರಿಂದ ಮೇಲ್ ಬಂದಿದೆ, ಏನು ಮಾಡಲಿ ಎಂದು ಕೇಳುವವರು ಮತ್ತೊಬ್ಬರು. ದೊಡ್ಡ ಪ್ಲಾನ್ ಕೊಳ್ಳುವುದು ಕೊನೆಯ ಕೆಲಸ. ಪ್ರೊಸೆಸರ್ ಏರಿರುವುದು ಜ್ವರವಿದ್ದಂತೆ. ಯಾವ ಕಾರಣಕ್ಕೆ ಏರಿದೆ ಎಂದು ತಿಳಿಯದೆ ಯಂತ್ರವನ್ನು ದೊಡ್ಡದು ಮಾಡಿದರೆ ಅದೇ ಕಾರಣ ದೊಡ್ಡ ಯಂತ್ರವನ್ನೂ ತಿಂದು ಹಾಕುತ್ತದೆ.

ಈ ಲೇಖನ ಉಬುಂಟು ಅಥವಾ ಡೆಬಿಯನ್ ಲಿನಕ್ಸ್ ಇರುವ ಒಂದೆರಡು ಕೋರ್‌ಗಳ (ಪ್ರೊಸೆಸರಿನೊಳಗೆ ಸ್ವತಂತ್ರವಾಗಿ ಕೆಲಸ ಮಾಡುವ ಘಟಕಗಳ) ವಿಪಿಎಸ್ ಅನ್ನು, ಎಂದರೆ ಒಂದು ದೊಡ್ಡ ಯಂತ್ರವನ್ನು ಹಲವರಿಗೆ ಪಾಲು ಮಾಡಿ ಕೊಟ್ಟ ವರ್ಚುವಲ್ ಸರ್ವರ್ ಅನ್ನು, ಸ್ವತಃ ನೋಡಿಕೊಳ್ಳುವವರಿಗಾಗಿ ಬರೆದದ್ದು. ಆದೇಶಗಳ ಹೆಸರನ್ನು ಉಚ್ಚಾರಣೆಯಂತೆ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್ ಸಣ್ಣಕ್ಷರಗಳಲ್ಲಿ ಟೈಪ್ ಮಾಡಬೇಕು.

ಏನೇನು ಬೇಕು

ಎಸ್‌ಎಸ್‌ಎಚ್ (ದೂರದ ಯಂತ್ರಕ್ಕೆ ಸುರಕ್ಷಿತವಾಗಿ ಸಂಪರ್ಕಿಸುವ ವಿಧಾನ) ಮೂಲಕ ಸರ್ವರ್‌ಗೆ ಲಾಗಿನ್ ಆಗುವ ಅನುಮತಿ ಮತ್ತು ಸುಡೊ ಅಧಿಕಾರ (ಆಡಳಿತಗಾರನಾಗಿ ಆದೇಶ ಕೊಡುವ ಹಕ್ಕು) ಬೇಕು. ಇದರ ಜೊತೆಗೆ ಎರಡು ಚಿಕ್ಕ ತಂತ್ರಾಂಶಗಳನ್ನು ಸರ್ವರ್ ಆರೋಗ್ಯವಾಗಿರುವಾಗಲೇ ಹಾಕಿಟ್ಟುಕೊಳ್ಳಿ. ಮೊದಲನೆಯದು ಸಿಸ್‌ಸ್ಟಾಟ್, ಇದು ಹತ್ತು ನಿಮಿಷಕ್ಕೊಮ್ಮೆ ಪ್ರೊಸೆಸರ್, ಮೆಮೊರಿ, ಡಿಸ್ಕ್‌ಗಳ ಸ್ಥಿತಿಯನ್ನು ಬರೆದಿಡುತ್ತದೆ, ಹಾಗಾಗಿ ನಿನ್ನೆ ರಾತ್ರಿ ಏನಾಯಿತು ಎಂಬುದನ್ನು ಇಂದು ಸಾರ್ ಎಂಬ ಆದೇಶದಿಂದ ನೋಡಬಹುದು. ಡೆಬಿಯನ್ ಮೂಲದ ವ್ಯವಸ್ಥೆಗಳಲ್ಲಿ ಇದನ್ನು ಹಾಕಿದರಷ್ಟೇ ಸಾಲದು, ಇಟಿಸಿ ಫೋಲ್ಡರಿನೊಳಗಿನ ಡಿಫಾಲ್ಟ್ ಫೋಲ್ಡರಿನಲ್ಲಿರುವ ಸಿಸ್‌ಸ್ಟಾಟ್ ಕಡತದಲ್ಲಿ ಎನೇಬಲ್ಡ್ ಎಂಬುದು ಟ್ರೂ ಆಗಿದೆಯೇ ಎಂದು ನೋಡಬೇಕು. ಎಷ್ಟೋ ಜನ ಇದನ್ನು ಬಿಟ್ಟು, ಬೇಕಾದ ದಿನ ಖಾಲಿ ದಾಖಲೆ ನೋಡುತ್ತಾರೆ.

ಎರಡನೆಯದು ಟಿಮಕ್ಸ್. ಮಳೆಗಾಲದಲ್ಲಿ ಘಟ್ಟದ ಮೇಲೆ ಕರೆಂಟೂ ನೆಟ್‌ವರ್ಕೂ ಯಾವಾಗ ಹೋಗುತ್ತವೆ ಎಂದು ಹೇಳಲಾಗದು. ಡೇಟಾಬೇಸ್ ರಿಪೇರಿಯ ನಡುವೆ ಸಂಪರ್ಕ ಕಡಿದರೆ ಆ ಕೆಲಸವೂ ಅರ್ಧಕ್ಕೆ ನಿಲ್ಲಬಹುದು. ಟಿಮಕ್ಸ್‌ನೊಳಗೆ ಶುರು ಮಾಡಿದ ಕೆಲಸ ಸರ್ವರ್‌ನಲ್ಲಿ ಮುಂದುವರಿಯುತ್ತದೆ, ನೆಟ್ ಬಂದ ಮೇಲೆ ಬಿಟ್ಟಲ್ಲಿಂದಲೇ ಹಿಡಿಯಬಹುದು.

1. ಮೊದಲು ದಾಖಲಿಸಿ

ಸರ್ವರ್ ನಿಧಾನವಾದ ಕೂಡಲೇ ರೀಸ್ಟಾರ್ಟ್ ಮಾಡುವುದು ಎಲ್ಲರ ಕೈಗೂ ಅಂಟಿದ ಅಭ್ಯಾಸ. ಹಾಗೆ ಮಾಡಿದರೆ ತಾಣ ಹತ್ತು ನಿಮಿಷ ಓಡುತ್ತದೆ, ಆದರೆ ಯಾವ ಪ್ರೊಸೆಸ್ (ಓಡುತ್ತಿರುವ ತಂತ್ರಾಂಶದ ಒಂದು ಪ್ರತಿ) ತಪ್ಪಿತಸ್ಥ ಎಂಬ ಸಾಕ್ಷ್ಯ ಅಳಿಸಿಹೋಗುತ್ತದೆ. ಆದ್ದರಿಂದ ಡೇಟ್, ಅಪ್‌ಟೈಮ್ ಮತ್ತು ಪಿಎಸ್ ಎಯುಎಕ್ಸ್ ಎಂಬ ಮೂರು ಆದೇಶಗಳ ಉತ್ತರವನ್ನು ಒಂದು ಕಡತಕ್ಕೆ ಉಳಿಸಿಕೊಳ್ಳಿ. ಇದಕ್ಕೆ ಒಂದು ನಿಮಿಷವೂ ಬೇಡ.

ಎಸ್‌ಎಸ್‌ಎಚ್ ಲಾಗಿನ್ನೇ ಆಗದಷ್ಟು ಯಂತ್ರ ಬಳಲಿದ್ದರೆ ಹೋಸ್ಟಿಂಗ್‌ನವರು ಕೊಡುವ ಕನ್ಸೋಲ್ ಮೂಲಕ ಒಳಗೆ ಹೋಗಿ ಎನ್‌ಜಿನ್‌ಎಕ್ಸ್ ಅಥವಾ ಅಪಾಚೆಯನ್ನು (ಪುಟಗಳನ್ನು ಸಂದರ್ಶಕರಿಗೆ ಕಳಿಸುವ ವೆಬ್ ಸರ್ವರ್ ತಂತ್ರಾಂಶ) ಮಾತ್ರ ಸ್ವಲ್ಪ ಹೊತ್ತು ನಿಲ್ಲಿಸಿ. ಹೊರಗಿನ ಒತ್ತಡ ನಿಂತ ಮೇಲೂ ಪ್ರೊಸೆಸರ್ ಇಳಿಯದಿದ್ದರೆ ಸಮಸ್ಯೆ ಸಂದರ್ಶಕರಿಂದ ಬಂದದ್ದಲ್ಲ, ಒಳಗಿನದು ಎಂಬ ಒಂದು ಸುಳಿವು ಅಲ್ಲೇ ಸಿಕ್ಕಂತಾಗುತ್ತದೆ.

2. ಲೋಡ್ ಸಂಖ್ಯೆಯನ್ನು ಕೋರ್‌ಗಳೊಂದಿಗೆ ಹೋಲಿಸಿ

ಅಪ್‌ಟೈಮ್ ಆದೇಶದ ಕೊನೆಯಲ್ಲಿ ಕಾಣುವ ಮೂರು ಸಂಖ್ಯೆಗಳಿಗೆ ಲೋಡ್ ಆವರೇಜ್ ಎಂದು ಹೆಸರು. ಅವು ಕ್ರಮವಾಗಿ ಕಳೆದ 1, 5 ಮತ್ತು 15 ನಿಮಿಷಗಳ ಸರಾಸರಿಗಳು. ಎನ್‌ಪ್ರಾಕ್ ಎಂಬ ಆದೇಶ ನಿಮ್ಮಲ್ಲಿ ಎಷ್ಟು ಕೋರ್‌ಗಳಿವೆ ಎಂದು ಹೇಳುತ್ತದೆ. ಅಡಿಕೆ ಸುಲಿಯುವ ಚಪ್ಪರವನ್ನು ನೆನಪಿಸಿಕೊಂಡರೆ ಇವೆರಡರ ಸಂಬಂಧ ತಿಳಿಯುತ್ತದೆ. ಕೋರ್ ಎಂದರೆ ಮೆಟ್ಟುಗತ್ತಿಯ ಮುಂದೆ ಕೂತವರ ಸಂಖ್ಯೆ. ಲೋಡ್ ಎಂದರೆ ಸುಲಿಯುತ್ತಿರುವ ಬುಟ್ಟಿಗಳೂ ಸರದಿಗೆ ಕಾದಿರುವ ಬುಟ್ಟಿಗಳೂ ಸೇರಿದ ಲೆಕ್ಕ. ನಾಲ್ಕು ಜನರಿರುವಲ್ಲಿ ಲೋಡ್ 4 ಎಂದರೆ ಎಲ್ಲರ ಕೈಗೂ ಕೆಲಸವಿದೆ, ಯಾವ ಬುಟ್ಟಿಯೂ ಕಾಯುತ್ತಿಲ್ಲ. ಒಬ್ಬನೇ ಕೂತಿರುವಲ್ಲಿ ಅದೇ 4 ಎಂದರೆ ಮೂರು ಬುಟ್ಟಿ ಸಾಲಿನಲ್ಲಿವೆ. ಆದ್ದರಿಂದ ಕೋರ್ ಎಷ್ಟೆಂದು ಹೇಳದೆ ಲೋಡ್ ಮಾತ್ರ ಹೇಳಿದರೆ ಅದರಿಂದ ಯಾರೂ ಏನೂ ತಿಳಿಯಲಾರರು.

ಮೊದಲ ಸಂಖ್ಯೆ ಮೂರನೆಯದಕ್ಕಿಂತ ಬಹಳ ದೊಡ್ಡದಿದ್ದರೆ ತೊಂದರೆ ಈಗಷ್ಟೇ ಶುರುವಾಗಿದೆ, ಚಿಕ್ಕದಿದ್ದರೆ ಇಳಿಯುತ್ತಿದೆ. ಲಿನಕ್ಸ್ ಡಿಸ್ಕ್‌ಗಾಗಿ ಕಾಯುತ್ತಿರುವ ಪ್ರೊಸೆಸ್‌ಗಳನ್ನೂ ಈ ಲೆಕ್ಕಕ್ಕೆ ಸೇರಿಸುವುದರಿಂದ, ಲೋಡ್ 12 ಇದ್ದೂ ಪ್ರೊಸೆಸರ್ ಬಹುಪಾಲು ಖಾಲಿ ಕೂತಿರುವುದು ಸಾಧ್ಯ. ಅದನ್ನು ಬಿಡಿಸಿ ನೋಡುವುದೇ ಮುಂದಿನ ಹಂತ.

3. ಟಾಪ್‌ನ ಸಿಪಿಯು ಸಾಲನ್ನು ಓದಿ

ಟಾಪ್ ಎಂದು ಕೊಟ್ಟಾಗ ಮೇಲ್ಭಾಗದಲ್ಲಿ ಕಾಣುವ ಸಿಪಿಯು ಸಾಲಿನಲ್ಲಿ ಎರಡೆರಡು ಅಕ್ಷರಗಳ ಹಲವು ಹೆಸರುಗಳಿರುತ್ತವೆ. ಜನ ಸಾಮಾನ್ಯವಾಗಿ ಈ ಸಾಲನ್ನು ದಾಟಿ ಕೆಳಗಿನ ಪಟ್ಟಿಗೆ ಕಣ್ಣು ಹಾಕುತ್ತಾರೆ. ನನ್ನ ಅನುಭವದಲ್ಲಿ ಅರ್ಧ ಉತ್ತರ ಈ ಸಾಲಿನಲ್ಲೇ ಇರುತ್ತದೆ.

ಯುಎಸ್ ಎಂಬುದು ತಂತ್ರಾಂಶಗಳು (ಪುಟ ತಯಾರಿಸುವ ಪಿಎಚ್‌ಪಿ, ಮಾಹಿತಿ ಇಡುವ ಡೇಟಾಬೇಸ್ ಮುಂತಾದವು) ಬಳಸಿದ ಪಾಲು. ಇದು ಹೆಚ್ಚಿದ್ದರೆ 4ನೇ ಹಂತಕ್ಕೆ ಹೋಗಿ. ಎಸ್‌ವೈ ಎಂಬುದು ಲಿನಕ್ಸ್‌ನ ತಿರುಳು, ಎಂದರೆ ಕರ್ನಲ್, ಬಳಸಿದ ಪಾಲು. ಡಬ್ಲ್ಯುಎ ಎಂಬುದು ಡಿಸ್ಕ್‌ನಿಂದ ಮಾಹಿತಿ ಬರಲಿ ಎಂದು ಕಾದ ಸಮಯ: ಸುಲಿಯುವವರು ಕೂತಿದ್ದಾರೆ, ತೋಟದಿಂದ ಅಡಿಕೆ ಕೊನೆ ಇನ್ನೂ ಬಂದಿಲ್ಲ. ಇಂಥಲ್ಲಿ ಕೋರ್ ಹೆಚ್ಚಿಸಿ ಪ್ರಯೋಜನವಿಲ್ಲ. ಐಒಟಾಪ್ ಎಂಬ ಆದೇಶದಿಂದ ಡಿಸ್ಕ್ ಅನ್ನು ಯಾರು ಹಿಡಿದಿದ್ದಾರೆ ಎಂದು ನೋಡಬೇಕು.

ಎಸ್‌ಟಿ ಎಂಬುದು ಸ್ಟೀಲ್, ಅಕ್ಷರಶಃ ಕಳವು. ನೀವು ಗೊತ್ತು ಮಾಡಿದ ಆಳು ಪಕ್ಕದ ಮನೆಯ ಚಪ್ಪರದಲ್ಲಿ ಸುಲಿಯುತ್ತಿದ್ದಾನೆ ಎಂದು ಇದರರ್ಥ. ಭೌತಿಕ ಯಂತ್ರವನ್ನು ಹಂಚಿಕೊಂಡ ಬೇರೆ ಗ್ರಾಹಕರು ಅದನ್ನು ಬಳಸುತ್ತಿರಬಹುದು. ಅಥವಾ ನಿಮ್ಮದು ಬರ್ಸ್ಟಬಲ್ ಬಗೆಯ ಪ್ಲಾನ್ ಆಗಿದ್ದು, ಎಂದರೆ ಕಡಿಮೆ ಬಳಸಿದಾಗ ಜಮೆಯಾಗುವ ಕ್ರೆಡಿಟ್ ಅನ್ನು ಒತ್ತಡದ ವೇಳೆ ಖರ್ಚು ಮಾಡುವ ಬಗೆಯದಾಗಿದ್ದು, ಆ ಕ್ರೆಡಿಟ್ ಮುಗಿದಿರಬಹುದು. ಈ ಸಂಖ್ಯೆ ಗಂಟೆಗಟ್ಟಲೆ ಶೇ. 10ನ್ನು ದಾಟಿಯೇ ನಿಂತಿದ್ದರೆ ನಿಮ್ಮ ಕೋಡ್‌ನಲ್ಲಿ ತಪ್ಪು ಹುಡುಕಬೇಡಿ. ಸಾರ್ ದಾಖಲೆಯನ್ನು ಜೋಡಿಸಿ ಹೋಸ್ಟಿಂಗ್‌ನವರಿಗೇ ಬರೆಯಿರಿ. ದೊಡ್ಡ ಪ್ಲಾನ್ ಕೊಳ್ಳಿ ಎಂಬ ಮೇಲ್‌ಗೆ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ.

4. ಯಾವ ಪ್ರೊಸೆಸ್ ಎಂದು ಗುರುತಿಸಿ

ಟಾಪ್ ತೆರೆದಿರುವಾಗ ಶಿಫ್ಟ್ ಹಿಡಿದು ಪಿ ಒತ್ತಿದರೆ ಪಟ್ಟಿ ಪ್ರೊಸೆಸರ್ ಬಳಕೆಯ ಕ್ರಮದಲ್ಲಿ ಬರುತ್ತದೆ, ಸಿ ಒತ್ತಿದರೆ ಪೂರ್ತಿ ಆದೇಶ ಕಾಣುತ್ತದೆ, 1 ಒತ್ತಿದರೆ ಪ್ರತಿ ಕೋರ್‌ನ ಲೆಕ್ಕ ಬೇರೆಯಾಗಿ ಕಾಣುತ್ತದೆ. ಒಂದು ಪ್ರೊಸೆಸ್‌ನ ಎದುರು ಶೇ. 180 ಎಂದಿದ್ದರೆ ಗಾಬರಿಯಾಗಬೇಡಿ. ಇಲ್ಲಿ 100 ಎಂದರೆ ಒಂದು ಕೋರ್, 180 ಎಂದರೆ ಹೆಚ್ಚುಕಡಿಮೆ ಎರಡು ಕೋರ್.

ಮೇಲೆ ಪಿಎಚ್‌ಪಿ-ಎಫ್‌ಪಿಎಂ (ಪಿಎಚ್‌ಪಿಯನ್ನು ಓಡಿಸುವ ತಂತ್ರಾಂಶ) ಸಾಲುಗಟ್ಟಿದ್ದರೆ 5 ಮತ್ತು 6ನೇ ಹಂತ, ಮೈಎಸ್‌ಕ್ಯುಎಲ್ ಅಥವಾ ಮಾರಿಯಾಡಿಬಿ ಎಂಬ ಡೇಟಾಬೇಸ್ ಇದ್ದರೆ 7ನೇ ಹಂತ ನೋಡಿ. ಕೆಸ್ವಾಪ್‌ಡಿ0 ಎಂಬ ಹೆಸರು ಮೇಲಿದ್ದರೆ ಸಾಮಾನ್ಯವಾಗಿ ಮೆಮೊರಿ ಸಾಲುತ್ತಿಲ್ಲ. ಕರ್ನಲ್ ಮೆಮೊರಿಯ ಪುಟಗಳನ್ನು ಡಿಸ್ಕ್‌ಗೆ ಹೊತ್ತು ಹಾಕುವುದರಲ್ಲೇ ದಣಿಯುತ್ತಿದೆ. ನಿಮಗೆ ಗುರುತೇ ಸಿಗದ ಹೆಸರಿದ್ದರೆ ನೇರವಾಗಿ 9ಕ್ಕೆ ಹೋಗಿ.

5. ಯಾರು ಬರುತ್ತಿದ್ದಾರೆ: ಆಕ್ಸೆಸ್ ಲಾಗ್

ತಾಣಕ್ಕೆ ಬಂದ ಪ್ರತಿಯೊಂದು ಕೋರಿಕೆಯೂ ಆಕ್ಸೆಸ್ ಲಾಗ್ ಎಂಬ ಕಡತದಲ್ಲಿ ಒಂದು ಸಾಲಾಗಿ ದಾಖಲಾಗುತ್ತದೆ. ಉಬುಂಟುವಿನಲ್ಲಿ ಇದು ವಾರ್ ಫೋಲ್ಡರಿನ ಲಾಗ್ ಫೋಲ್ಡರಿನಲ್ಲಿ, ಎನ್‌ಜಿನ್‌ಎಕ್ಸ್ ಅಥವಾ ಅಪಾಚೆ2 ಎಂಬ ಹೆಸರಿನಡಿ ಇರುತ್ತದೆ. ಸಾಲಿನ ಮೊದಲ ಕಾಲಂ ಸಾಮಾನ್ಯವಾಗಿ ಐಪಿ ವಿಳಾಸ. ಆಕ್, ಸಾರ್ಟ್, ಯುನಿಕ್ ಎಂಬ ಮೂರು ಆದೇಶಗಳನ್ನು ಪೈಪ್ ಚಿಹ್ನೆಯಿಂದ ಜೋಡಿಸಿದರೆ ಯಾವ ಐಪಿ ಎಷ್ಟು ಸಲ ಬಂದಿದೆ ಎಂಬ ಪಟ್ಟಿ ಸಿಗುತ್ತದೆ. ಇದೇ ರೀತಿ ಯಾವ ಪುಟಕ್ಕೆ ಎಷ್ಟು ಕೋರಿಕೆ, ಯಾವ ಬ್ರೌಸರ್ ಹೆಸರಿನಿಂದ ಎಷ್ಟು ಎಂಬ ಇನ್ನೆರಡು ಪಟ್ಟಿಗಳನ್ನೂ ಮಾಡಿಕೊಳ್ಳಿ. ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಬಂದವರು ಗ್ರಾಹಕರೋ ಯಂತ್ರಗಳೋ ಎಂಬುದು ಬಹುಮಟ್ಟಿಗೆ ತಿಳಿಯುತ್ತದೆ.

ಹೋಂಸ್ಟೇ ತಾಣಗಳಲ್ಲಿ ನಾನು ಮತ್ತೆ ಮತ್ತೆ ಕಂಡಿರುವುದು ಕ್ಯಾಲೆಂಡರ್ ಬಲೆ. ಬುಕಿಂಗ್ ಕ್ಯಾಲೆಂಡರಿನಲ್ಲಿ ಮುಂದಿನ ತಿಂಗಳು ಎಂಬ ಕೊಂಡಿ ಇರುತ್ತದೆ. ಬಾಟ್ (ಪುಟಗಳನ್ನು ತಾನೇ ಓದುತ್ತ ಹೋಗುವ ತಂತ್ರಾಂಶ) ಅದನ್ನು ಒತ್ತುತ್ತ ಒತ್ತುತ್ತ 2090ರ ಜುಲೈ ತಿಂಗಳಿನಲ್ಲಿ ನಿಮ್ಮ ಕೊಠಡಿ ಖಾಲಿಯಿದೆಯೇ ಎಂದು ಡೇಟಾಬೇಸನ್ನು ಕೇಳುತ್ತಿರುತ್ತದೆ. ಹದಿನೆಂಟು ತಿಂಗಳಿನಾಚೆಗೆ ಕೊಂಡಿಯೇ ಇಲ್ಲದಂತೆ ಮಾಡುವುದು ಸರಿಯಾದ ಪರಿಹಾರ. ಅದಾಗುವವರೆಗೆ ರೋಬಾಟ್ಸ್ ಕಡತದಲ್ಲಿ (ಬಾಟ್‌ಗಳು ಎಲ್ಲಿಗೆ ಬರಬಾರದು ಎಂದು ಹೇಳುವ ಕಡತ) ಆ ವಿಳಾಸವನ್ನು ನಿಷೇಧಿಸಿ. ಈ ಕಡತವನ್ನು ಸಭ್ಯ ಬಾಟ್‌ಗಳು ಮಾತ್ರ ಪಾಲಿಸುತ್ತವೆ ಎಂಬುದನ್ನೂ, ಅದರಲ್ಲಿ ಬರೆಯುವ ಕ್ರಾಲ್-ಡಿಲೇ (ಎರಡು ಕೋರಿಕೆಗಳ ನಡುವೆ ಇಷ್ಟು ಹೊತ್ತು ಕಾಯಿರಿ) ಎಂಬ ಸೂಚನೆಯನ್ನು ಗೂಗಲ್ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ ಎಂಬುದನ್ನೂ ನೆನಪಿಡಿ.

ಐಪಿ ನಿರ್ಬಂಧಿಸುವ ಮೊದಲು ಮೂರು ವಿಷಯ ಗಮನಿಸಲೇಬೇಕು. ಒಂದು, ನಮ್ಮ ದೇಶದ ಮೊಬೈಲ್ ನೆಟ್‌ವರ್ಕ್‌ಗಳಲ್ಲಿ ಸಾವಿರಾರು ಗ್ರಾಹಕರು ಒಂದೇ ಸಾರ್ವಜನಿಕ ಐಪಿಯನ್ನು ಹಂಚಿಕೊಂಡಿರುತ್ತಾರೆ. ಯಲ್ಲಾಪುರದಿಂದಲೂ ಸಿದ್ದಾಪುರದಿಂದಲೂ ಮೊಬೈಲ್‌ನಲ್ಲಿ ಧಾರಣೆ ನೋಡುವವರೆಲ್ಲ ನಿಮ್ಮ ಲಾಗ್‌ನಲ್ಲಿ ಒಬ್ಬನೇ ದಾಳಿಕೋರನಂತೆ ಕಾಣಬಹುದು. ಎರಡು, ತಾಣದ ಮುಂದೆ ಕೋರಿಕೆಗಳನ್ನು ಮೊದಲು ತಾನು ಪಡೆದು ನಿಮ್ಮ ಸರ್ವರ್‌ಗೆ ದಾಟಿಸುವ ಕ್ಲೌಡ್‌ಫ್ಲೇರ್‌ನಂಥ ಸೇವೆ ಇದ್ದರೆ ಲಾಗ್‌ನಲ್ಲಿರುವುದು ಆ ಸೇವೆಯ ಐಪಿ, ಸಂದರ್ಶಕನದಲ್ಲ. ಅದನ್ನು ತಡೆದರೆ ಇಡೀ ತಾಣವೇ ಮುಚ್ಚುತ್ತದೆ. ಎನ್‌ಜಿನ್‌ಎಕ್ಸ್‌ನ ರಿಯಲ್ ಐಪಿ ಮಾಡ್ಯೂಲ್ ಹೊಂದಿಸಿದ ಮೇಲಷ್ಟೇ ಲಾಗ್ ಅನ್ನು ನಂಬಿ. ಮೂರು, ಗೂಗಲ್‌ಬಾಟ್ ಎಂಬ ಹೆಸರನ್ನು ಯಾರು ಬೇಕಾದರೂ ಇಟ್ಟುಕೊಳ್ಳಬಹುದು. ಐಪಿಯ ರಿವರ್ಸ್ ಡಿಎನ್‌ಎಸ್ ಹೆಸರು (ಐಪಿಯಿಂದ ಹುಡುಕಿದಾಗ ಸಿಗುವ ಯಂತ್ರದ ಹೆಸರು) ಗೂಗಲ್‌ನ ಡೊಮೇನ್‌ನಲ್ಲಿದ್ದು, ಆ ಹೆಸರನ್ನು ತಿರುಗಿ ಹುಡುಕಿದಾಗ ಅದೇ ಐಪಿ ಬಂದರೆ ಮಾತ್ರ ಅದು ಅಸಲಿ.

ಪೂರ್ತಿ ತಡೆಯುವುದಕ್ಕಿಂತ ವೇಗಕ್ಕೆ ಮಿತಿ ಹಾಕುವುದು ಉತ್ತಮ. ಎನ್‌ಜಿನ್‌ಎಕ್ಸ್‌ನ ಲಿಮಿಟ್‌-ರೆಕ್ ಸೌಲಭ್ಯದಿಂದ ಒಂದು ಐಪಿಗೆ ಸೆಕೆಂಡಿಗೆ ಇಷ್ಟೇ ಕೋರಿಕೆ ಎಂದು ನಿಗದಿಪಡಿಸಬಹುದು. ಮಿತಿ ಮೀರಿದವರಿಗೆ ಅದು ತಾನಾಗಿ 503 (ಸೇವೆ ಲಭ್ಯವಿಲ್ಲ) ಎಂಬ ಉತ್ತರ ಕೊಡುತ್ತದೆ, ಅದನ್ನು 429ಕ್ಕೆ (ಕೋರಿಕೆಗಳು ಅತಿಯಾದವು) ಬದಲಿಸಿಕೊಂಡರೆ ಲಾಗ್ ಓದುವಾಗ ನಿಜವಾದ ದೋಷಗಳಿಂದ ಪ್ರತ್ಯೇಕವಾಗಿ ಕಾಣುತ್ತದೆ.

6. ಪಿಎಚ್‌ಪಿ ಮತ್ತು ವರ್ಡ್‌ಪ್ರೆಸ್

ನಿಮ್ಮ ತಾಣ ವರ್ಡ್‌ಪ್ರೆಸ್ (ತಾಣ ಕಟ್ಟಿ ನಡೆಸುವ ತಂತ್ರಾಂಶ) ಮೇಲಿದ್ದು, ಲಾಗ್‌ನಲ್ಲಿ ಎಕ್ಸ್‌ಎಂಎಲ್‌ಆರ್‌ಪಿಸಿ (ಹೊರಗಿನ ಆ್ಯಪ್‌ಗಳು ತಾಣದೊಂದಿಗೆ ಮಾತಾಡುವ ದ್ವಾರ) ಅಥವಾ ಡಬ್ಲ್ಯುಪಿ-ಲಾಗಿನ್ (ಲಾಗಿನ್ ಪುಟ) ಎಂಬ ಹೆಸರುಗಳು ಸಾವಿರಗಟ್ಟಲೆ ಇದ್ದರೆ ಯಾರೋ ಪಾಸ್‌ವರ್ಡ್ ಊಹಿಸುತ್ತಿದ್ದಾರೆ. ಇದಕ್ಕೆ ಪ್ಲಗಿನ್ (ವರ್ಡ್‌ಪ್ರೆಸ್‌ಗೆ ಸೇರಿಸುವ ಚಿಕ್ಕ ತಂತ್ರಾಂಶ) ಹಾಕುವವರೇ ಹೆಚ್ಚು. ಆದರೆ ಪ್ಲಗಿನ್ ತಡೆಯುವ ಹೊತ್ತಿಗೆ ಪಿಎಚ್‌ಪಿ ಮತ್ತು ವರ್ಡ್‌ಪ್ರೆಸ್ ಆಗಲೇ ಎದ್ದು ಕೂತಿರುತ್ತವೆ, ಖರ್ಚಾಗಬೇಕಾದ ಪ್ರೊಸೆಸರ್ ಖರ್ಚಾಗಿರುತ್ತದೆ. ಎನ್‌ಜಿನ್‌ಎಕ್ಸ್ ಮಟ್ಟದಲ್ಲೇ ತಡೆಯಿರಿ. ಜೆಟ್‌ಪ್ಯಾಕ್ ಎಂಬ ಪ್ಲಗಿನ್ ಅಥವಾ ವರ್ಡ್‌ಪ್ರೆಸ್‌ನ ಮೊಬೈಲ್ ಆ್ಯಪ್ ಬಳಸುವವರಿಗೆ ಎಕ್ಸ್‌ಎಂಎಲ್‌ಆರ್‌ಪಿಸಿ ಬೇಕಾಗಬಹುದು, ಅಂಥವರು ಪೂರ್ತಿ ಮುಚ್ಚದೆ ಮಿತಿ ಮಾತ್ರ ಹಾಕಲಿ.

ಡಬ್ಲ್ಯುಪಿ-ಕ್ರಾನ್ ಎಂಬುದು ವರ್ಡ್‌ಪ್ರೆಸ್‌ನ ನಿಗದಿತ ಕೆಲಸಗಳ ವ್ಯವಸ್ಥೆ. ಸಂದರ್ಶಕರು ಬಂದಾಗಲೆಲ್ಲ ಇದು ಏನಾದರೂ ಕೆಲಸ ಬಾಕಿಯಿದೆಯೇ ಎಂದು ನೋಡುತ್ತದೆ. ಕಾನ್ಫಿಗ್ ಕಡತದಲ್ಲಿ ಇದನ್ನು ನಿಲ್ಲಿಸಿ, ಸರ್ವರ್‌ನದೇ ಕ್ರಾನ್‌ನಿಂದ (ಹೇಳಿದ ವೇಳೆಗೆ ಆದೇಶ ಓಡಿಸುವ ವ್ಯವಸ್ಥೆ) 5 ಅಥವಾ 15 ನಿಮಿಷಕ್ಕೊಮ್ಮೆ ಓಡಿಸಬಹುದು. ಮೊದಲರ್ಧ ಮಾಡಿ ಎರಡನೆಯದನ್ನು ಮರೆತರೆ, ನಾಳೆಗೆಂದು ನಿಗದಿಪಡಿಸಿದ ಲೇಖನ ನಾಳೆಯೂ ಪ್ರಕಟವಾಗುವುದಿಲ್ಲ, ನಾಡಿದ್ದೂ ಆಗುವುದಿಲ್ಲ.

ಪಿಎಚ್‌ಪಿ-ಎಫ್‌ಪಿಎಂನ ಮ್ಯಾಕ್ಸ್-ಚಿಲ್ಡ್ರನ್ ಎಂಬ ಸಂಖ್ಯೆ ಏಕಕಾಲಕ್ಕೆ ಎಷ್ಟು ಪಿಎಚ್‌ಪಿ ಪ್ರತಿಗಳು ಓಡಬಹುದು ಎಂಬುದನ್ನು ನಿರ್ಧರಿಸುತ್ತದೆ. ತಾಣ ನಿಧಾನವಾದಾಗ ಇದನ್ನು 100ಕ್ಕೆ ಏರಿಸುವುದು ಬಹಳ ಸಾಮಾನ್ಯವಾದ ತಪ್ಪು. 2 ಜಿಬಿ ಮೆಮೊರಿಯಲ್ಲಿ ಡೇಟಾಬೇಸಿಗೂ ವ್ಯವಸ್ಥೆಗೂ 1 ಜಿಬಿ ಹೋದರೆ, ಒಂದೊಂದು ಪ್ರತಿ 60 ಎಂಬಿ ತಿನ್ನುವಲ್ಲಿ 16-17ಕ್ಕಿಂತ ಹೆಚ್ಚು ಪ್ರತಿಗಳಿಗೆ ಜಾಗವೇ ಇಲ್ಲ. ಅದರಾಚೆಗೆ ಮೇಲೆ ಹೇಳಿದ ಕೆಸ್ವಾಪ್‌ಡಿ0 ಕಾಣಿಸಿಕೊಳ್ಳುತ್ತದೆ. ಯಾವ ಪುಟ ನಿಧಾನ ಎಂದು ತಿಳಿಯಲು ರಿಕ್ವೆಸ್ಟ್-ಸ್ಲೋಲಾಗ್-ಟೈಮ್‌ಔಟ್ ಅನ್ನು 5 ಸೆಕೆಂಡಿಗೆ ಇಟ್ಟು, ಸ್ಲೋಲಾಗ್ ಕಡತದ ಹೆಸರನ್ನೂ ಕೊಡಿ. ಅದು ಮೊದಲಿಗೆ ಸೊನ್ನೆಯಾಗಿ, ಎಂದರೆ ನಿಂತೇ ಇರುತ್ತದೆ. ತಪ್ಪು ಯಾವ ಪ್ಲಗಿನ್‌ನ ಯಾವ ಸಾಲಿನಲ್ಲಿದೆ ಎಂಬುದನ್ನು ಈ ಲಾಗ್ ಹೇಳುತ್ತದೆ.

ಈ ಹಂತದಲ್ಲಿ ಎಲ್ಲಕ್ಕಿಂತ ಹೆಚ್ಚು ಫಲ ಕೊಡುವುದು ಪುಟದ ಕ್ಯಾಷ್, ಎಂದರೆ ಒಮ್ಮೆ ತಯಾರಾದ ಪುಟವನ್ನು ಉಳಿಸಿಟ್ಟು ಮುಂದಿನವರಿಗೂ ಅದನ್ನೇ ಕೊಡುವುದು. ರಾಶಿ, ಚಾಲಿ, ಬೆಟ್ಟೆ ಅಡಿಕೆಯ ಧಾರಣೆ ದಿನಕ್ಕೊಮ್ಮೆ ಬದಲಾಗುವಾಗ ಆ ಪುಟವನ್ನು ಪ್ರತಿ ಸಂದರ್ಶಕನಿಗೂ ಹೊಸದಾಗಿ ಬೇಯಿಸಬೇಕಾಗಿಲ್ಲ. ಎನ್‌ಜಿನ್‌ಎಕ್ಸ್‌ನ ಫಾಸ್ಟ್‌ಸಿಜಿಐ ಕ್ಯಾಷ್ ಅನ್ನು ಬರೀ 60 ಸೆಕೆಂಡಿಗೆ ಇಟ್ಟರೂ, ನಿಮಿಷಕ್ಕೆ 600 ಜನ ಬಂದಲ್ಲಿ 600ರ ಬದಲು ಹೆಚ್ಚುಕಡಿಮೆ ಒಂದೇ ಸಲ ಪಿಎಚ್‌ಪಿ ಓಡುತ್ತದೆ. ಬುಕಿಂಗ್, ಪಾವತಿ, ಲಾಗಿನ್ ಪುಟಗಳನ್ನು ಮಾತ್ರ ಕ್ಯಾಷ್‌ನಿಂದ ಹೊರಗಿಡಿ; ತಪ್ಪಿದರೆ ಒಬ್ಬ ಅತಿಥಿಯ ಫೋನ್ ಸಂಖ್ಯೆ ಇನ್ನೊಬ್ಬ ಅತಿಥಿಗೆ ಕಾಣುತ್ತದೆ.

7. ಡೇಟಾಬೇಸ್

ಶೋ ಫುಲ್ ಪ್ರೊಸೆಸ್‌ಲಿಸ್ಟ್ ಎಂಬ ಆದೇಶ ಈಗ ಓಡುತ್ತಿರುವ ಪ್ರಶ್ನೆಗಳನ್ನು (ಕ್ವೆರಿ) ತೋರಿಸುತ್ತದೆ. ಒಂದೇ ಪ್ರಶ್ನೆ ಹತ್ತಾರು ಸಾಲುಗಳಲ್ಲಿ ಕಂಡರೆ ಅದೇ ಕಾರಣವೆಂದು ಬಹುತೇಕ ಹೇಳಬಹುದು. ನಿಧಾನ ಪ್ರಶ್ನೆಗಳ ಲಾಗ್ ಅನ್ನೂ ಚಾಲೂ ಮಾಡಿ. ಇದರ ಪೂರ್ವನಿಗದಿ ಮಿತಿ 10 ಸೆಕೆಂಡ್ ಇರುವುದರಿಂದ, 3 ಸೆಕೆಂಡ್ ತಿನ್ನುವ ಪ್ರಶ್ನೆ ಎಂದೂ ಕಾಣುವುದಿಲ್ಲ. ಅದನ್ನು 1ಕ್ಕೆ ಇಳಿಸಿ.

ಸಿಕ್ಕ ಪ್ರಶ್ನೆಯ ಮುಂದೆ ಎಕ್ಸ್‌ಪ್ಲೇನ್ ಎಂದು ಸೇರಿಸಿ ಓಡಿಸಿದರೆ ಡೇಟಾಬೇಸ್ ಅದನ್ನು ಹೇಗೆ ಹುಡುಕುತ್ತದೆ ಎಂಬ ವಿವರ ಬರುತ್ತದೆ. ಟೈಪ್ ಕಾಲಂನಲ್ಲಿ ಆಲ್ ಎಂದಿದ್ದರೆ ಇಡೀ ಕೋಷ್ಟಕವನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದುತ್ತಿದೆ ಎಂದರ್ಥ. ಹುಡುಕುವ ಕಾಲಂಗೆ ಇಂಡೆಕ್ಸ್ (ಪುಸ್ತಕದ ಕೊನೆಯ ಪದಸೂಚಿಯಂಥದು) ಸೇರಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಆದರೆ ಇಂಡೆಕ್ಸ್ ಇದ್ದೂ ಬಳಕೆಯಾಗದ ಸಂದರ್ಭವೊಂದಿದೆ: ದಿನಾಂಕದ ಕಾಲಂ ಅನ್ನು ಇಯರ್ ಎಂಬ ಫಂಕ್ಷನ್‌ನೊಳಗೆ ಸುತ್ತಿ 2024ಕ್ಕೆ ಸಮವೇ ಎಂದು ಕೇಳಿದರೆ ಕಾಲಂನ ಇಂಡೆಕ್ಸ್ ಸಾಮಾನ್ಯವಾಗಿ ಕೆಲಸಕ್ಕೆ ಬರುವುದಿಲ್ಲ. 2024ರ ಜನವರಿ 1ರಿಂದ 2025ರ ಜನವರಿ 1ರ ಒಳಗೆ ಎಂದು ವ್ಯಾಪ್ತಿಯಾಗಿ ಕೇಳಿ. ಹುಡುಕುವ ಪದದ ಮೊದಲಿಗೇ ಶೇಕಡಾ ಚಿಹ್ನೆ ಹಾಕಿ ಲೈಕ್ ಬಳಸಿದರೂ ಇದೇ ಕಥೆ. ದೊಡ್ಡ ಕೋಷ್ಟಕಕ್ಕೆ ಇಂಡೆಕ್ಸ್ ಕಟ್ಟುವ ಕೆಲಸವನ್ನು ರಾತ್ರಿ, ಬ್ಯಾಕಪ್ ಪಡೆದ ಮೇಲೆ, ಟಿಮಕ್ಸ್‌ನೊಳಗೆ ಮಾಡಿ.

8. ಗಡಿಯಾರ ನೋಡಿ

ಪ್ರೊಸೆಸರ್ ದಿನವೂ ಒಂದೇ ವೇಳೆಗೆ ಏರುತ್ತಿದ್ದರೆ ಕ್ರಾನ್‌ಟ್ಯಾಬ್ (ಕ್ರಾನ್‌ನ ಕೆಲಸಗಳ ಪಟ್ಟಿ) ತೆರೆದು ನಿಗದಿತ ಕೆಲಸಗಳನ್ನು ಪರಿಶೀಲಿಸಿ. ಬಹುತೇಕ ಸರ್ವರ್‌ಗಳು ಯುಟಿಸಿ ಎಂಬ ಜಾಗತಿಕ ಸಮಯದಲ್ಲಿ ನಡೆಯುತ್ತವೆ, ಅದು ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದಿದೆ. ಬೆಳಗಿನ ಜಾವ 5ಕ್ಕೆ ಯಾರೂ ಇರುವುದಿಲ್ಲ ಎಂದು ಇಟ್ಟ ಬ್ಯಾಕಪ್ ನಿಜಕ್ಕೂ ಶುರುವಾಗುವುದು ಬೆಳಿಗ್ಗೆ 10.30ಕ್ಕೆ, ಊರವರೆಲ್ಲ ಧಾರಣೆ ನೋಡಲು ಕೂತಾಗ. ಲೇಖನದ ಆರಂಭದಲ್ಲಿ ಹೇಳಿದ ಹನ್ನೊಂದು ಗಂಟೆಯ ದೂರಿನ ಕಾರಣ ಇದೇ ಆಗಿತ್ತು. ಲಾಗ್‌ನ ಸಮಯವನ್ನು ಓದುವಾಗಲೂ ಈ ವ್ಯತ್ಯಾಸ ಲೆಕ್ಕಕ್ಕಿರಲಿ. ಬ್ಯಾಕಪ್ ಆದೇಶದ ಮುಂದೆ ನೈಸ್ ಮತ್ತು ಐಒನೈಸ್ ಸೇರಿಸಿದರೆ ಅದು ಬೇರೆಯವರಿಗೆ ದಾರಿ ಬಿಟ್ಟು ಕೆಲಸ ಮಾಡುತ್ತದೆ.

9. ಗುರುತಿಲ್ಲದ ಪ್ರೊಸೆಸ್ ಕಂಡರೆ

ಗ್ರಾಹಕರಿಂದ ಬರುವ ಒತ್ತಡ ಹಗಲು ಏರಿ ರಾತ್ರಿ ಇಳಿಯುತ್ತದೆ. ರಾತ್ರಿ ಮೂರಕ್ಕೂ ಎಲ್ಲ ಕೋರ್‌ಗಳು ಒಂದೇ ಸಮನೆ ನೂರರಲ್ಲಿದ್ದರೆ ಕ್ರಿಪ್ಟೊ ಮೈನರ್, ಎಂದರೆ ನಿಮ್ಮ ಪ್ರೊಸೆಸರಿನಿಂದ ಬೇರೆಯವರಿಗೆ ಕ್ರಿಪ್ಟೊ ಹಣ ಗಳಿಸಿಕೊಡುವ ಕಳ್ಳ ತಂತ್ರಾಂಶ, ಸೇರಿಕೊಂಡಿರುವ ಶಂಕೆ ಬಲವಾಗಬೇಕು. ಇವು ಸಭ್ಯ ಹೆಸರು ಧರಿಸುತ್ತವೆ. ಕಿನ್ಸಿಂಗ್ ಎಂಬ ಕುತಂತ್ರಾಂಶ ತರುವ ಕೆಡೆವ್‌ಟಿಎಂಪಿಎಫ್‌ಎಸ್‌ಐ ಎಂಬ ಮೈನರ್‌ನ ಹೆಸರು ಕರ್ನಲ್‌ನದೇ ಒಂದು ಕೆಲಸದ ಹೆಸರಿಗಿಂತ ಒಂದಕ್ಷರ ಮಾತ್ರ ಬೇರೆ. ಪಿಎಸ್ ಪಟ್ಟಿಯಲ್ಲಿ ಅಸಲಿ ಕರ್ನಲ್ ಕೆಲಸಗಳು ಚೌಕ ಆವರಣದೊಳಗೆ ಕಾಣುತ್ತವೆ. ಪ್ರಾಕ್ ಫೋಲ್ಡರಿನಲ್ಲಿ ಆ ಪ್ರೊಸೆಸ್ ಸಂಖ್ಯೆಯ ಕೆಳಗಿರುವ ಎಕ್ಸ್‌ಇ ಎಂಬ ಕೊಂಡಿ ಟಿಎಂಪಿ (ತಾತ್ಕಾಲಿಕ ಕಡತಗಳ) ಫೋಲ್ಡರಿನತ್ತ ಅಥವಾ ಅಳಿಸಿದ ಕಡತದತ್ತ ಬೆರಳು ಮಾಡಿದರೆ ಶಂಕೆ ಇನ್ನಷ್ಟು ಬಲವಾಗುತ್ತದೆ.

ಕಿಲ್ ಮಾಡಿದರೆ ಅದು ನಿಮಿಷದೊಳಗೆ ಮತ್ತೆ ಹುಟ್ಟುತ್ತದೆ, ಏಕೆಂದರೆ ವೆಬ್ ಬಳಕೆದಾರನ ಕ್ರಾನ್‌ಟ್ಯಾಬ್‌ನಲ್ಲೋ ಸಿಸ್ಟಮ್‌ಡಿ ಸೇವೆಗಳಲ್ಲೋ (ಲಿನಕ್ಸ್ ತಾನಾಗಿ ಶುರು ಮಾಡುವ ಕೆಲಸಗಳು) ಬೀಜ ಉಳಿದಿರುತ್ತದೆ. ಎಸ್‌ಎಸ್‌ಎಚ್‌ನ ಆಥರೈಸ್ಡ್ ಕೀಸ್ ಕಡತಕ್ಕೆ (ಒಳಬರಲು ಅನುಮತಿಯಿರುವ ಕೀಲಿಗಳ ಪಟ್ಟಿ) ಹೊಸ ಕೀಲಿ ಸೇರಿದೆಯೇ ಎಂದೂ ನೋಡಿ. ನನ್ನ ಸಲಹೆ ಇಷ್ಟೇ: ಇಂಥ ಸರ್ವರ್ ಅನ್ನು ತೊಳೆದು ಬಳಸಲು ಹೋಗಬೇಡಿ. ಸಾಕ್ಷ್ಯಕ್ಕಾಗಿ ಸ್ನ್ಯಾಪ್‌ಶಾಟ್ (ಡಿಸ್ಕ್‌ನ ಆ ಕ್ಷಣದ ಪೂರ್ತಿ ಪ್ರತಿ) ತೆಗೆದಿಟ್ಟು, ಹೊಸ ಸರ್ವರ್‌ನಲ್ಲಿ ಸೋಂಕಿಗೆ ಮೊದಲಿನ ಬ್ಯಾಕಪ್‌ನಿಂದ ತಾಣವನ್ನು ಕಟ್ಟಿ, ಒಳಬಂದ ಕಿಂಡಿಯನ್ನು ಮುಚ್ಚಿ, ಡೇಟಾಬೇಸ್ ಸಹಿತ ಎಲ್ಲ ಪಾಸ್‌ವರ್ಡ್‌ಗಳನ್ನು ಬದಲಿಸಿ. ಸಂಸ್ಥೆಗಳ ಸರ್ವರ್ ಆಗಿದ್ದರೆ, 2022ರ ಏಪ್ರಿಲ್ 28ರ ನಿರ್ದೇಶನದಂತೆ ಇಂಥ ಘಟನೆಯನ್ನು ಗಮನಕ್ಕೆ ಬಂದ 6 ಗಂಟೆಯೊಳಗೆ ಸರ್ಟ್-ಇನ್‌ಗೆ (ಈ ನಿರ್ದೇಶನ ಹೊರಡಿಸಿದ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ) ತಿಳಿಸಬೇಕಾಗುತ್ತದೆ.

10. ಒಂದು ಸಲಕ್ಕೆ ಒಂದೇ ಬದಲಾವಣೆ

ಕ್ಯಾಷ್, ಇಂಡೆಕ್ಸ್, ವೇಗಮಿತಿ ಎಲ್ಲವನ್ನೂ ಒಂದೇ ಸಂಜೆ ಹಾಕಿದರೆ ಯಾವುದರಿಂದ ಗುಣವಾಯಿತು ಎಂಬುದೂ ತಿಳಿಯುವುದಿಲ್ಲ, ಏನಾದರೂ ಕೆಟ್ಟರೆ ಯಾವುದನ್ನು ಹಿಂತೆಗೆಯಬೇಕು ಎಂಬುದೂ ತಿಳಿಯುವುದಿಲ್ಲ. ಒಂದನ್ನು ಮಾಡಿ, ಮರುದಿನ ಅದೇ ವೇಳೆಯ ಸಾರ್ ದಾಖಲೆಯನ್ನು ಹಿಂದಿನ ದಿನದ್ದರೊಂದಿಗೆ ಹೋಲಿಸಿ, ಆಮೇಲೆ ಮುಂದಿನದಕ್ಕೆ ಹೋಗಿ.

ಇಷ್ಟಾದ ಮೇಲೂ ನಿಜವಾದ ಗ್ರಾಹಕರಿಂದಲೇ ಯುಎಸ್ ಸಂಖ್ಯೆ ಗಂಟೆಗಟ್ಟಲೆ ಶೇ. 80ರ ಮೇಲಿದ್ದರೆ ದೊಡ್ಡ ಪ್ಲಾನ್ ಕೊಳ್ಳುವುದು ನ್ಯಾಯ. ಆಗಲೂ ಒಂದು ಮಾತು ಕೇಳಿಕೊಳ್ಳಿ: ನಿಮ್ಮ ದೂರು ಜನ ಹೆಚ್ಚಾದಾಗ ಮಾತ್ರ ನಿಧಾನ ಎಂದೋ, ಒಬ್ಬನೇ ಬಂದಾಗಲೂ ನಿಧಾನ ಎಂದೋ? ಪಿಎಚ್‌ಪಿಯ ಒಂದು ಕೋರಿಕೆ ಸಾಮಾನ್ಯವಾಗಿ ಒಂದೇ ಕೋರ್‌ನಲ್ಲಿ ನಡೆಯುವುದರಿಂದ, ಕೋರ್‌ಗಳನ್ನು ಎರಡರಿಂದ ಎಂಟಕ್ಕೆ ಏರಿಸಿದರೆ ಮೊದಲನೆಯ ದೂರು ತೀರಬಹುದು. ಎರಡನೆಯದಕ್ಕೆ ತುಸು ವೇಗದ ಕೋರ್ ಬೇಕು, ಇಲ್ಲವೇ ಮತ್ತೆ 7ನೇ ಹಂತದ ಎಕ್ಸ್‌ಪ್ಲೇನ್‌ಗೇ ಮರಳಬೇಕು.